ಎಡಗಣ್ಣಿನ ಸಾಕ್ಷಿ

ಅಕ್ಟೋಬರ್ ೩

ಯಾಕಮ್ಮಾ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಎಲ್ಲರೂ ಅಂದರೆ ನಾನು, ನನ್ನ ದುರ್ಬೀನು, ನೀರಿನ ತೊಟ್ಟಿಯ ಹಿಂದೆ ಮರಿ ಹಾಕಿರುವ ಬೆಕ್ಕು. ನಿನ್ನಮ್ಮನ ಮಂಡಿನೋವು ಹಾಗೇ ಇದೆಯಂತೆ. ಅವಳು ನನ್ನ ತಂಗಿಯೇ ಆದರೂ ನನ್ನ ಮಾತು ಕೇಳುವ ಅಭ್ಯಾಸ ಹುಟ್ಟಿದಾಗಿನಿಂದ ಇಲ್ಲ, ಬಿಡು.

ನೀನು ಕೇಳಿದ ಕೆಂಪಿಯ ಅಂದಾಜುಗಳನ್ನು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ನಾನು ನೋಡುವ ಕ್ರಮ ನಿಮ್ಮ ಪ್ರೊಫೆಸರಿಗೆ ಅರ್ಥವಾಗಲಿಲ್ಲ ಅಂದೆಯಲ್ಲ, ಹೀಗೆ ಹೇಳು. ಕೆಂಪಿ ಒಂದು ಮುದಿ ಕೆಂಪು ನಕ್ಷತ್ರ. ಹೆಸರು ನಾವಿಬ್ಬರು ಇಟ್ಟದ್ದು. ಉಸಿರೆಳೆದು ಬಿಟ್ಟ ಹಾಗೆ ಉಬ್ಬುತ್ತಾಳೆ, ಕುಗ್ಗುತ್ತಾಳೆ, ಜೊತೆಗೆ ಬೆಳಕೂ ಏರಿಳಿಯುತ್ತದೆ. ಪಕ್ಕದಲ್ಲಿ ನೀಲಿ ಬಿಳುಪಿನವು ಎರಡಿವೆ, ಅವು ಇದ್ದ ಹಾಗೇ ಇರುತ್ತವೆ. ಜೋರಾಗಿ ಹೊಳೆಯುವುದು ಅಕ್ಕ, ಮಂಕಾಗಿರುವುದು ತಂಗಿ. ಇಬ್ಬರ ನಡುವಿನ ವ್ಯತ್ಯಾಸವನ್ನು ಮನಸ್ಸಿನಲ್ಲೇ ಹತ್ತು ಪಾಲು ಮಾಡಿ, ಕೆಂಪಿ ಅಕ್ಕನಿಗಿಂತ ಎಷ್ಟು ಪಾಲು ಕೆಳಗಿದ್ದಾಳೆ ಅಂತ ಬರೆಯುವುದು. ಯಂತ್ರವಿಲ್ಲ, ಮಂತ್ರವಿಲ್ಲ. ಕಾರ್ಖಾನೆಯಲ್ಲಿ ನೂಲಿನ ಶೇಡ್ ನೋಡಿ ಪಾಸು ಮಾಡುವುದೂ ಹೀಗೆಯೇ. ಗಿರಾಕಿ ಕಳಿಸಿದ ಮಾದರಿ ಒಂದು ಕಡೆ, ನಮ್ಮ ಬಾಯ್ಲರಿನಿಂದ ಬಂದದ್ದು ಇನ್ನೊಂದು ಕಡೆ, ನಡುವೆ ನನ್ನ ಕಣ್ಣು.

ವಿಶ್ವವಿದ್ಯಾಲಯದ ಒಳಗೆ ನಾನು ಕಾಲಿಟ್ಟದ್ದು ನಿನ್ನನ್ನು ಸೇರಿಸಲು ಬಂದ ದಿನ ಒಂದೇ ಸಲ. ಭೌತಶಾಸ್ತ್ರ ವಿಭಾಗ ಅಂತ ಬರೆದಿದ್ದ ಬಾಗಿಲ ಮುಂದೆ ನಾನು ಸುಮ್ಮನೆ ನಿಂತದ್ದನ್ನು ನೋಡಿ ಜವಾನ, 'ಯಾರು ಬೇಕಿತ್ತಮ್ಮಾ?' ಅಂದ. ಯಾರು ಬೇಕಿತ್ತು ಅಂತ ಹೇಳಲಿ! ನಾನು ಕಲಿತದ್ದೆಲ್ಲ ವಾಚನಾಲಯದ ಹರಕು ಪುಸ್ತಕಗಳಿಂದ ಮತ್ತು ಮಹಡಿಯಿಂದ. ಇಷ್ಟು ವರ್ಷ ನೋಡಿದ್ದು ನಿನ್ನ ಕಡೇ ವರ್ಷದ ಪ್ರಾಜೆಕ್ಟಿಗೆ ಬರುತ್ತದೆ ಅಂತ ನೀನು ಬರೆದಾಗ ಆ ಕಾಗದವನ್ನು ಎಷ್ಟು ಸಲ ಓದಿದೆನೋ. ಅದೂ ಕನ್ನಡಕವಿಲ್ಲದೆ! ಹೌದು, ಈಗೀಗ ಹತ್ತಿರದ್ದೆಲ್ಲ ಬರಿಗಣ್ಣಿಗೇ ಕಾಣುತ್ತದೆ. ಸೂಜಿಗೆ ದಾರ ನಾನೇ ಪೋಣಿಸುತ್ತೇನೆ. ಕೆಳಮನೆಯ ಟೈಲರ್, 'ಏನಮ್ಮಾ, ವಯಸ್ಸು ಹಿಂದಕ್ಕೆ ಹೋಗ್ತಿದೆಯಾ?' ಅಂತಾನೆ.

ಒಂದು ಮಾತು. ಹೋದ ಕಾಗದದಲ್ಲಿ ನೀನು, ನೋಡಿದ ತಕ್ಷಣ ಬರೀತೀಯಾ, ಮಾರನೇ ದಿನ ಬರೀತೀಯಾ, ಜೊತೆಗೆ ಯಾರಾದರೂ ಇರ್ತಾರಾ ಅಂತ ಕೇಳಿದ್ದೆ. ಜೊತೆಗೆ ಬೆಕ್ಕಿರುತ್ತದೆ. ಮಾತುಮಾತಿಗೆ ಯಾಕೆ ಅಂತ ಕೇಳುತ್ತೀಯೆಂದೇ ನಿನಗೆ ಯಾಕಮ್ಮ ಅಂತ ಹೆಸರಿಟ್ಟವಳು ನಾನು, ಈ ಸಲ ನಾನೇ ಕೇಳುತ್ತೇನೆ: ಯಾಕೆ ಕೇಳಿದೆ?

ನಿನ್ನ ದೊಡ್ಡಮ್ಮ


ಅಕ್ಟೋಬರ್ ೧೫

ದೊಡ್ಡಮ್ಮಾ,

ಸುಮ್ಮನೆ ಕೇಳಿದೆ. ಪ್ರಾಜೆಕ್ಟಿಗೆ ಅಂಥ ವಿವರಗಳೆಲ್ಲ ಬೇಕಾಗುತ್ತವೆ.

ಮೇ ತಿಂಗಳಲ್ಲಿ ನಿನಗೆ ಜ್ವರ ಬಂದು ಮಲಗಿದ್ದೆಯಂತೆ, ಅಮ್ಮ ಹೇಳಿದಳು. ಆ ವಾರವೂ ಕೆಂಪಿಯ ಅಂದಾಜು ಬರೆದಿದ್ದೀಯ. ಆಗಲೂ ಮಹಡಿ ಹತ್ತಿದ್ದೆಯಾ? ನಿಧಾನವಾಗಿ ಯೋಚಿಸಿ ಬರಿ. ಸಿಟ್ಟು ಮಾಡಿಕೊಳ್ಳಬೇಡ.

ಪರೀಕ್ಷೆಗಳು ಹತ್ತಿರ ಬಂದಿವೆ. ಪ್ರಯೋಗಶಾಲೆಯಲ್ಲೇ ಹೊತ್ತು ಹೋಗುತ್ತದೆ. ಊಟ ಸರಿಯಾಗಿ ಮಾಡುತ್ತಿದ್ದೇನೆ, ಅದನ್ನು ಮಾತ್ರ ಕೇಳಬೇಡ.

ನಿನ್ನ
ಯಾಕಮ್ಮ


ಅಕ್ಟೋಬರ್ ೨೪

ಯಾಕಮ್ಮಾ,

ನಿನ್ನ ಕಾಗದ ಕೈಯಲ್ಲಿ ಹಿಡಿದಾಗಲೇ ತೆಳ್ಳಗಿತ್ತು. ಮೊದಲೆಲ್ಲ ಲಕೋಟೆ ಹರಿಯುವಷ್ಟು ಬರೆಯುತ್ತಿದ್ದವಳು. ಫೋನಿನಲ್ಲಿ ನೀನು ಬರೀ ಹೂಂ ಹೂಂ ಅನ್ನುತ್ತೀಯೆಂದೇ ನಾವು ಕಾಗದ ಅಂತ ಮಾಡಿಕೊಂಡದ್ದು. ಈಗ ಕಾಗದದಲ್ಲೂ ಹೂಂ ಹೂಂ.

ಜ್ವರ ಬಂದಿತ್ತು. ಕಂಬಳಿ ಸುತ್ತಿಕೊಂಡು ಹತ್ತಿದೆ. ಒಂದು ವಾರ ಬಿಟ್ಟರೆ ಕೆಂಪಿ ಕಾಯುತ್ತಾಳಾ? ನಿನ್ನಮ್ಮನಿಗೆ ಹೇಳಿದರೆ ಬೈಯುತ್ತಾಳೆ ಅಂತ ಹೇಳಲಿಲ್ಲ. ಆದರೆ ನೀನು ಅವಳ ಹತ್ತಿರ ನನ್ನ ವಿಷಯ ವಿಚಾರಿಸುತ್ತಿದ್ದೀಯೆಂದು ಈಗ ಗೊತ್ತಾಯಿತು.

ಮನಸ್ಸಿಗೆ ಬಂದದ್ದನ್ನು ನೇರವಾಗಿ ಬರೆದುಬಿಡುತ್ತೇನೆ. ಕೆಂಪಿ ಈ ಕೆಲವು ವರ್ಷಗಳಿಂದ ಏರುತ್ತಲೇ ಇದ್ದಾಳೆ. ಇಳಿದರೂ ಮೊದಲಿನಷ್ಟು ಇಳಿಯುವುದಿಲ್ಲ. ಮೊದಲು ತಂಗಿಯ ಹತ್ತಿರ ಇರುತ್ತಿದ್ದವಳು ಈಗ ಅಕ್ಕನ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದಾಳೆ. ಇದು ದೊಡ್ಡ ಸಂಗತಿ, ನನಗೂ ಗೊತ್ತು. ಯಾರು ನೋಡಿದ್ದು, ಯಾವಾಗ ನೋಡಿದ್ದು ಅಂತ ನೀವು ಕೆದಕುವುದು ನೋಡಿದರೆ, ಅಲ್ಲಿ ಯಾರೋ ಇದನ್ನು ತಮ್ಮ ಹೆಸರಿಗೆ ಬರೆದುಕೊಳ್ಳಲು ಹೊರಟಿದ್ದಾರೆ ಅನ್ನಿಸುತ್ತದೆ. ನಿಮ್ಮ ಪ್ರೊಫೆಸರಾ? ಅಥವಾ ಹೋದ ವರ್ಷ ನೀನು ಹೊಗಳಿ ಹೊಗಳಿ ಬರೆಯುತ್ತಿದ್ದ ಆ ಸಹಪಾಠಿಯಾ? ನೀನೇ ಹೆಸರು ಹಾಕಿಕೊಂಡರೆ ನನಗೆ ಸಂತೋಷ, ನಾನು ನೋಡಿದ್ದೆಲ್ಲ ನಿನಗೇ ಸೇರಿದ್ದು. ಆದರೆ ಸುತ್ತು ಬಳಸಿ ಕೇಳಬೇಡ.

ಇಲ್ಲಿ ಕಾರ್ಖಾನೆಯಲ್ಲೂ ಅದೇ ಆಟ. ಬಣ್ಣ ಕಲೆಸುವ ಸಿಡುಕಪ್ಪ ನಿನಗೆ ಗೊತ್ತಲ್ಲ. ನಾನು ಪಾಸು ಮಾಡಿದ ನೀಲಿ ನೂಲು ಗಿರಾಕಿಯಿಂದ ಎರಡು ಸಲ ವಾಪಸು ಬಂತು, ಮಾದರಿಗೆ ಹೊಂದುವುದಿಲ್ಲವಂತೆ. ಪಕ್ಕ ಪಕ್ಕ ಇಟ್ಟು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸಿಡುಕಪ್ಪ ಮಾತ್ರ, 'ಅಯ್ಯೋ, ಎಲ್ಲಿಂದೆಲ್ಲಿಗೆ! ಬೀದೀಲಿ ಹೋಗೋರಿಗೂ ಕಾಣತ್ತೆ' ಅಂತ ಎಲ್ಲರ ಮುಂದೆ ಹೇಳಿದ. ಅವನಿಗೆ ನನ್ನ ಕುರ್ಚಿಯ ಮೇಲೆ ಕಣ್ಣು. ಗಿರಾಕಿಯ ಕಿವಿ ಊದಿದವನೂ ಅವನೇ ಇರಬೇಕು. ಅವನಿಗೆ ನೀಲಿ ಯಾವುದು ಅಂತಲೇ ಗೊತ್ತಿಲ್ಲ ಅಂತ ಮ್ಯಾನೇಜರಿಗೆ ಹೇಳಿದ್ದೇನೆ.

ದೊಡ್ಡಮ್ಮ


ನವೆಂಬರ್ ೧೯

ಮಾನ್ಯ ವಿದ್ಯಾರ್ಥಿನಿಯವರಿಗೆ,

ತಾವು ಕೆಳಮನೆಯ ಟೈಲರಿಗೆ ಫೋನು ಮಾಡಿ, 'ನಮ್ಮ ದೊಡ್ಡಮ್ಮ ಸಂಜೆ ಹೊತ್ತು ನಿಜವಾಗ್ಲೂ ಮಹಡಿ ಹತ್ತುತ್ತಾರಾ?' ಎಂದು ವಿಚಾರಿಸಿದ ಸಂಗತಿ ತಿಳಿಯಿತು. ಅವನು ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವ ಪೈಕಿ ಅಲ್ಲವೆಂದು ತಾವು ತಿಳಿದಿರಬೇಕಿತ್ತು. ರವಿಕೆಯ ಅಳತೆ ತೆಗೆಯುತ್ತಲೇ ಹೇಳಿಬಿಟ್ಟ. 'ನಾನು ಹತ್ತುತ್ತಾರೆ ಅಂದೆ ಕಣಮ್ಮಾ, ನಿಮ್ಮ ಪರವಾಗೇ ಹೇಳಿದೆ' ಅಂದ. ನನ್ನ ಪರವಾಗಿ ಸಾಕ್ಷಿ ಹೇಳುವವನು ಟೈಲರ್!

ಇನ್ನು ಮುಂದೆ ಅಂದಾಜುಗಳನ್ನು ಕಳಿಸುವುದಿಲ್ಲ.

ತಮ್ಮ ತಾಯಿಯ ಅಕ್ಕ


ನವೆಂಬರ್ ೨೭

ದೊಡ್ಡಮ್ಮಾ,

ನನಗೆ 'ತಾವು' ಅನ್ನಬೇಡ, ಕೈ ಮುಗಿಯುತ್ತೇನೆ. ಬೈಯಿ, ಹೊಡಿ, ಆದರೆ ತಾವು ಬೇಡ.

ಎಲ್ಲವನ್ನೂ ಹೇಳುತ್ತೇನೆ. ಮೊದಲೇ ಹೇಳಬೇಕಿತ್ತು. ನಿನ್ನ ಅಂದಾಜುಗಳನ್ನೆಲ್ಲ ಗ್ರಾಫಿನಲ್ಲಿ ಗೆರೆ ಹಾಕಿ ಪ್ರೊಫೆಸರಿಗೆ ತೋರಿಸಿದೆ. ಹಳೆಯ ವರ್ಷಗಳದ್ದು ನೋಡಿ ಅವರು ತಲೆದೂಗಿದರು. ಇತ್ತೀಚಿನದಕ್ಕೆ ಬಂದಾಗ ಬೇರೆ ಹಾಳೆಗಳನ್ನು ತೆಗೆದು ಪಕ್ಕದಲ್ಲಿಟ್ಟರು. ಬೇರೆ ಎರಡು ಕಡೆ ಇದೇ ನಕ್ಷತ್ರವನ್ನು ಉಪಕರಣಗಳಿಂದ ಅಳೆದಿದ್ದಾರೆ. ಅವುಗಳಲ್ಲಿ ಕೆಂಪಿ ಹಿಂದಿನ ಹಾಗೇ ಇದ್ದಾಳೆ, ಒಂದಿಷ್ಟೂ ಏರಿಲ್ಲ. ನಿನ್ನ ಹಾಳೆಯಲ್ಲಿ ಮಾತ್ರ ಮೆಟ್ಟಿಲು ಹತ್ತಿದ ಹಾಗೆ ಹತ್ತಿದ್ದಾಳೆ. 'ವಯಸ್ಸಾದವರು, ಮೇಲೆ ಹೋಗೋಕಾಗಲ್ಲ. ಕೂತಲ್ಲೇ ಅಂದಾಜಿಗೆ ಬರೆದಿರ್ತಾರೆ. ಏರ್ತಿದೆ ಅಂತ ಒಮ್ಮೆ ಅನ್ನಿಸಿದ ಮೇಲೆ ಏರಿಸ್ತಾನೇ ಹೋಗಿರ್ತಾರೆ' ಅಂದರು. ಇದು ಸುಳ್ಳು ಮಾಹಿತಿ ಎಂದಾದರೆ ನನ್ನ ಪ್ರಾಜೆಕ್ಟೇ ಬಿದ್ದುಹೋಗುತ್ತದೆ. ಕಡೇ ವರ್ಷವನ್ನು ಮತ್ತೆ ಓದಬೇಕು.

ನಾನು ಅವರೊಡನೆ ಜಗಳ ಆಡಿದೆ. ಆಮೇಲೆ ರೂಮಿಗೆ ಬಂದು ಟೈಲರಿಗೆ ಫೋನು ಮಾಡಿದೆ.

ಅದೇ ಸತ್ಯ. ನಾನೂ ಅನುಮಾನಪಟ್ಟೆ. ಮಹಡಿಯ ಮೇಲೆ ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಆಕಾಶ ತೋರಿಸಿದವಳ ಮೇಲೆ.

ಯಾಕಮ್ಮ


ಡಿಸೆಂಬರ್ ೫

ಯಾಕಮ್ಮಾ,

'ತಾವು' ತೆಗೆದಿದ್ದೇನೆ. ಸಿಟ್ಟು ತೆಗೆದಿಲ್ಲ.

ಕೂತಲ್ಲೇ ಬರೆದೆನಂತಾ! ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೇನೆ. ಮೋಡ ಬಂದ ದಿನ ಮೋಡ ಅಂತಲೇ ಬರೆದಿದ್ದೇನೆ. ಸುಳ್ಳು ಬರೆಯುವವಳು ಮೋಡ ಯಾಕೆ ಬರೆಯುತ್ತಾಳೆ? ನಿಮ್ಮ ಪ್ರೊಫೆಸರನ್ನು ಕೇಳು. ಉಪಕರಣವಂತೆ! ಉಪಕರಣ ಇಟ್ಟವನು ಯಾವ ನಕ್ಷತ್ರಕ್ಕೆ ಇಟ್ಟನೋ ಯಾರು ಕಂಡರು. ಅಕ್ಕನನ್ನೇ ಕೆಂಪಿ ಅಂದುಕೊಂಡಿರಬಹುದು.

ನನ್ನ ಕಣ್ಣಿನ ಬಗ್ಗೆ ಮಾತಾಡುವವರಿಗೆ ಹೇಳು: ಜೀವಮಾನವೆಲ್ಲ ಬಣ್ಣ ನೋಡಿ ಅನ್ನ ತಿಂದವಳು ನಾನು. ಇಬ್ಬರು ಮೇಸ್ತ್ರಿಗಳು ಒಂದೇ ಅಂದ ಶೇಡನ್ನು ನಾನು ಬೇರೆ ಅಂದಿದ್ದೇನೆ, ಗಿರಾಕಿ ನನ್ನದೇ ಸರಿ ಅಂದಿದ್ದಾನೆ. ಈಗಲೂ ಕನ್ನಡಕವಿಲ್ಲದೆ ಓದುತ್ತೇನೆ. ಬೀದಿದೀಪಗಳ ಸುತ್ತ ಈಚೆಗೆ ಬಳೆ ಕಟ್ಟಿದ ಹಾಗೆ ಕಾಣುತ್ತದೆ, ಅದು ನಮ್ಮ ಬೀದಿಯ ಧೂಳು.

ಸಿಡುಕಪ್ಪನನ್ನು ಗೋಡೌನಿಗೆ ಹಾಕಿದರು. ಮ್ಯಾನೇಜರ್ ನನ್ನ ಮಾತು ನಂಬಿದ. ಗಂಟು ಹೊರುವ ಕೆಲಸ, ಅವನ ವಯಸ್ಸಿಗೆ ಕಷ್ಟವೇ. ಹೋಗುವಾಗ ನನ್ನ ಮೇಜಿನ ಮುಂದೆ ನಿಂತು, 'ಅಕ್ಕಾ, ನೀವು ನನ್ನನ್ನ ಕಳ್ಳ ಅಂದ್ರೂ ಸಹಿಸ್ಕೋತಿದ್ದೆ. ನನಗೆ ನೀಲಿ ಗೊತ್ತಿಲ್ಲ ಅಂದ್ರಲ್ಲಾ' ಅಂದ. ನಾಟಕ. ಹೊಸದಾಗಿ ಬಂದವನು ಕಲೆಸಿದ ನೀಲಿಯೂ ವಾಪಸು ಬಂತು. ಇವನೂ ಅವನ ಕಡೆಯವನೇ ಇರಬೇಕು.

ಎಲ್ಲರೂ ಒಟ್ಟಿಗೆ ಸೇರಿಕೊಂಡಿದ್ದೀರಿ, ಅಲ್ಲಿಯವರು, ಇಲ್ಲಿಯವರು.

ದೊಡ್ಡಮ್ಮ


ಜನವರಿ ೨

ದೊಡ್ಡಮ್ಮಾ,

ಈ ಕಾಗದವನ್ನು ಪೂರ್ತಿ ಓದು. ನಡುವೆ ಹರಿದು ಹಾಕಬೇಡ.

ನಿನ್ನ ಕಾಗದ ಬಂದ ಮೇಲೆ ನನಗೂ ಓದು ತಲೆಗೆ ಹತ್ತಲಿಲ್ಲ. ಮೊನ್ನೆ ಪ್ರಯೋಗಶಾಲೆಯಲ್ಲಿ ಎರಡು ಸಣ್ಣ ದೀಪ ಇಟ್ಟುಕೊಂಡು ಕೂತಿದ್ದೆ, ಒಂದು ಕೆಂಪು, ಒಂದು ನೀಲಿ ಬಿಳುಪು. ಬರಿಗಣ್ಣಿಗೆ ನೀಲಿಯದು ಹೆಚ್ಚು ಬೆಳಕು. ಹಿಂದಿನ ತಂಡದವರು ಬಿಟ್ಟುಹೋದ ಹಳದಿ ಹಾಳೆಗಳು ಮೇಜಿನ ಮೇಲಿದ್ದವು, ಬಣ್ಣದ ಗಾಜಿನ ಹಾಗೆ ಆಚೆ ಕಾಣುವ ತೆಳ್ಳಗಿನವು. ಒಂದನ್ನು ಕಣ್ಣಿಗೆ ಅಡ್ಡ ಹಿಡಿದೆ. ನೀಲಿ ಮಂಕಾಯಿತು, ಕೆಂಪು ಇದ್ದ ಹಾಗೇ ಇತ್ತು. ಇನ್ನೊಂದು ಹಾಳೆ ಸೇರಿಸಿದೆ. ಕೆಂಪೇ ಗೆದ್ದಿತು. ದೀಪಗಳನ್ನು ಯಾರೂ ಮುಟ್ಟಿರಲಿಲ್ಲ.

ದೊಡ್ಡಮ್ಮಾ, ಕೆಂಪಿ ಏರಿಲ್ಲ. ಅಕ್ಕತಂಗಿಯರು ನಿನಗೆ ಮಂಕಾಗಿದ್ದಾರೆ. ಅವರಿಬ್ಬರೂ ನೀಲಿ. ಕಾರ್ಖಾನೆಯಲ್ಲಿ ವಾಪಸು ಬರುತ್ತಿರುವುದೂ ನೀಲಿ. ಕೆಂಪು ನೂಲು ಒಂದು ಸಲವಾದರೂ ವಾಪಸು ಬಂತಾ?

ವೈದ್ಯಕೀಯ ಓದುವ ಗೆಳತಿಯನ್ನು ಕೇಳಿದೆ. ಕಣ್ಣಿನ ಪೊರೆ ಒಂದೊಂದು ಸಲ ಬಿಳಿಯಾಗದೆ ಹಳದಿಯಾಗಿ, ಕಂದಾಗಿ ಬೆಳೆಯುತ್ತದಂತೆ. ನಿಧಾನವಾಗಿ ಬರುವುದರಿಂದ ಪೊರೆ ಬಂದವರಿಗೇ ತಿಳಿಯುವುದಿಲ್ಲ. ಕೆಲವರಿಗೆ ಹತ್ತಿರದ್ದು ಕನ್ನಡಕವಿಲ್ಲದೆ ಕಾಣತೊಡಗುತ್ತದಂತೆ, ದೀಪದ ಸುತ್ತ ಬಳೆ ಕಾಣುತ್ತದಂತೆ. ಅವಳು ಇದನ್ನು ಹೇಳುವಾಗ ನಿನ್ನ ಕಾಗದ ನನ್ನ ಚೀಲದಲ್ಲೇ ಇತ್ತು.

ನನ್ನನ್ನು ನಂಬಬೇಡ. ಡಾಕ್ಟರನ್ನೂ ಈಗಲೇ ನಂಬಬೇಡ. ಆ ಹಳದಿ ಹಾಳೆಗಳನ್ನು ಕಳಿಸಿದ್ದೇನೆ. ವಾಪಸು ಬಂದ ನೀಲಿ ನೂಲು, ಅದರ ಮಾದರಿ, ಎರಡನ್ನೂ ತೆಗೆದುಕೊಂಡು ಸಿಡುಕಪ್ಪನ ಹತ್ತಿರ ಹೋಗು. ಮೊದಲು ಬರಿಗಣ್ಣಿಗೆ ತೋರಿಸು. ಆಮೇಲೆ ಹಾಳೆ ಅಡ್ಡ ಹಿಡಿದು ತೋರಿಸು. ಅವನು ಏನು ಹೇಳುತ್ತಾನೋ ನೋಡು.

ಯಾಕಮ್ಮ


ಜನವರಿ ೨೯

ಯಾಕಮ್ಮಾ,

ತಡವಾಯಿತು. ಹಾಳೆಗಳು ಬಂದಾಗ ಅಲಮಾರಿಯಲ್ಲಿ ಬಟ್ಟೆಯ ಅಡಿಗೆ ತುರುಕಿಬಿಟ್ಟಿದ್ದೆ. ನನ್ನನ್ನು ಆ ಮನುಷ್ಯನ ಮುಂದೆ ನಿಲ್ಲಿಸಿ ತಲೆ ತಗ್ಗಿಸುವಂತೆ ಮಾಡಲು ಪ್ರೊಫೆಸರೂ ನೀನೂ ಹೂಡಿದ ಉಪಾಯ ಅಂದುಕೊಂಡೆ. ಕೆಂಪು ನೂಲಿನ ನಿನ್ನ ಪ್ರಶ್ನೆ ಮಾತ್ರ ಬಿಡಲಿಲ್ಲ. ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಕೆಂಪು ಒಂದು ಸಲವೂ ವಾಪಸು ಬಂದಿಲ್ಲ.

ಕಡೆಗೆ ಮಧ್ಯಾಹ್ನದ ಬಿಡುವಿನಲ್ಲಿ ಗೋಡೌನಿಗೆ ಹೋದೆ. ಗಂಟುಗಳ ಮೇಲೆ ಕಾಲು ಚಾಚಿ ಕೂತಿದ್ದ.

'ಏನಕ್ಕಾ, ಇಲ್ಲಿಂದಲೂ ಓಡಿಸೋಕೆ ಬಂದ್ರಾ? ಇನ್ನು ಉಳಿದಿರೋದು ಗೇಟು.'

'ಬಾಯಿ ಮುಚ್ಚು, ಇವೆರಡನ್ನ ನೋಡು' ಅಂತ ನೂಲನ್ನೂ ಮಾದರಿಯನ್ನೂ ಬಾಗಿಲ ಬೆಳಕಿಗೆ ಇಟ್ಟೆ.

ನೋಡಿ ಮುಖ ತಿರುಗಿಸಿದ. 'ಮಾದರಿ ಶುದ್ಧ ನೀಲಿ. ಇದು ನೇರಳೆಗೆ ತಿರುಗಿದೆ. ಮತ್ತೆ ಜಗಳಕ್ಕೆ ಬಂದಿದ್ದೀರಾ?'

ನನಗೆ ಎರಡೂ ಒಂದೇ ಆಗಿದ್ದವು. ಹಳದಿ ಹಾಳೆಗಳನ್ನು ಅವನ ಕೈಗೆ ಕೊಟ್ಟು ಕಣ್ಣಿಗೆ ಹಿಡಿ ಅಂದೆ. 'ಮಾಟ ಗೀಟ ಅಲ್ಲ ತಾನೆ?' ಅನ್ನುತ್ತಾ ಹಿಡಿದ. ತೆಗೆದ. ಮತ್ತೆ ಹಿಡಿದ. ನೂಲನ್ನು ಎತ್ತಿ ಮಾದರಿಗೆ ತಾಗಿಸಿ ನೋಡಿದ.

'ಅರೆ, ಈಗ ಎರಡೂ ಒಂದೇ ಥರ ಕಾಣ್ತಿದೆಯಲ್ಲ!' ಅಂದ. ಹಾಳೆ ಕೆಳಗಿಳಿಸಿ ನನ್ನ ಮುಖ ನೋಡಿದ. 'ಅಕ್ಕಾ, ನಿಮಗೆ ಯಾವಾಗಲೂ ಹಿಂಗೇನಾ ಕಾಣೋದು?'

ನಾನು ಹಾಳೆಯನ್ನು ಕಿತ್ತುಕೊಂಡು ನನ್ನ ಕಣ್ಣಿಗೆ ಹಿಡಿದೆ. ನನಗೆ ಹೆಚ್ಚು ಬದಲಾವಣೆ ಕಾಣಲಿಲ್ಲ ಕಣೇ.

ಗಂಟಿನ ಮೇಲೆ ಕೂತೆ. ಕುಡಿಯಲು ನೀರು ತಂದುಕೊಟ್ಟ. ಮುಖ ಮಾತ್ರ ಸಿಡುಕಿಕೊಂಡೇ, 'ನೀವು ಅತ್ರೆ ನಾನು ಮ್ಯಾನೇಜರಿಗೆ ಏನು ಅಂತ ಹೇಳಲಿ? ಗಂಟು ಬಿದ್ದು ಕಾಲಿಗೆ ಪೆಟ್ಟಾಯ್ತು ಅಂತ ಹೇಳ್ತೀನಿ' ಅಂದ. ನಾನೇ ಅಲ್ಲಿಂದ ಎದ್ದು ಮ್ಯಾನೇಜರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಿಡುಕಪ್ಪ ಸೋಮವಾರದಿಂದ ಬಣ್ಣದ ಕೋಣೆಗೆ ಬಂದಿದ್ದಾನೆ. ಶೇಡನ್ನೂ ಸದ್ಯಕ್ಕೆ ಅವನೇ ನೋಡುತ್ತಾನೆ. ನಾನು ಪಕ್ಕದಲ್ಲಿ ಕೂತು ಚೀಟಿ ಕಟ್ಟುತ್ತೇನೆ. ನನ್ನನ್ನು ಕ್ಷಮಿಸಿದ್ದಾನಾ ಅಂತ ಕೇಳಬೇಡ. ದಿನಕ್ಕೆ ನಾಲ್ಕು ಸಲ, 'ಅಕ್ಕಾ, ಇದು ಯಾವ ಬಣ್ಣ ಹೇಳಿ ನೋಡೋಣ' ಅಂತ ಕೆಣಕುತ್ತಾನೆ.

ಮಹಡಿ ಹತ್ತುವುದನ್ನು ಬಿಟ್ಟಿದ್ದೇನೆ. ಏನು ನೋಡಲಿ? ನೋಡಿದ್ದು ಯಾವುದು, ನನ್ನ ಕಣ್ಣು ಕಟ್ಟಿದ್ದು ಯಾವುದು ಅಂತ ಇನ್ನು ಹೇಗೆ ತಿಳಿಯುವುದು? ಸುಳ್ಳು ಬರೆಯದೆಯೇ ವರ್ಷಗಟ್ಟಲೆ ಸುಳ್ಳು ಬರೆದಿದ್ದೇನೆ. ನಿನ್ನ ಪ್ರಾಜೆಕ್ಟಿನಿಂದ ಎಲ್ಲವನ್ನೂ ಕಿತ್ತುಹಾಕು.

ದೊಡ್ಡಮ್ಮ


ಫೆಬ್ರವರಿ ೧೦

ದೊಡ್ಡಮ್ಮಾ,

ಕಿತ್ತುಹಾಕುವುದಿಲ್ಲ. ನಿನ್ನ ಕಾಗದವನ್ನು ಪ್ರೊಫೆಸರಿಗೆ ಓದಿ ಹೇಳಿದೆ. ಗೋಡೌನಿನ ಭಾಗ ಬಂದಾಗ ಅವರು ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋದರು. 'ಸುಳ್ಳು ಬರೀತಾರೆ ಅಂತ ನಾನು ಹೇಳಬಾರದಿತ್ತು' ಅಂದರು. ಆಮೇಲೆ ಕೆಲಸದ ಮಾತಿಗೆ ಬಂದರು. ಹಳೆಯ ವರ್ಷಗಳ ಅಂದಾಜಿಗೆ ತೊಂದರೆ ಇಲ್ಲ. ಇತ್ತೀಚಿನವನ್ನೂ ಉಳಿಸಿಕೊಳ್ಳಬಹುದಂತೆ, ಆದರೆ ಪೊರೆ ಎಷ್ಟು ತಪ್ಪು ತೋರಿಸುತ್ತದೆ ಅಂತ ನಿಖರವಾಗಿ ತಿಳಿಯಬೇಕಂತೆ. ಅಷ್ಟು ತಿಳಿದರೆ, ಉಪಕರಣದ ಅಳತೆಗಳ ಜೊತೆ ಹೋಲಿಸಿ ವರ್ಷ ವರ್ಷದ್ದನ್ನೂ ತಿದ್ದಬಹುದು.

ಅದು ಹೇಗೆ ತಿಳಿಯುತ್ತದೆ ಅಂತ ನಾನು ಕೇಳಿದೆ. ಅವರು ಹೇಳಿದ್ದನ್ನು ನಿನಗೆ ಬರೆಯಬಾರದು ಅಂತ ಮಾಡಿದ್ದೇನೆ. ನಿನ್ನ ಕಣ್ಣಿನ ಮುಂದೆ ನನ್ನ ಪ್ರಾಜೆಕ್ಟು ಏನೂ ಅಲ್ಲ. ನೀನು ಡಾಕ್ಟರ ಹತ್ತಿರ ಹೋಗು. ಅವರು ಹೇಗೆ ಹೇಳುತ್ತಾರೋ ಹಾಗೆ ಮಾಡು.

ದುರ್ಬೀನಿಗೆ ನೀನು ಯಾವ ಕಣ್ಣು ಇಡುತ್ತಿದ್ದೆ? ಸುಮ್ಮನೆ ಕೇಳಿದೆ. ಈ ಸಲ ನಿಜವಾಗಿಯೂ ಸುಮ್ಮನೆ.

ಯಾಕಮ್ಮ


ಮಾರ್ಚ್ ೧೨

ಯಾಕಮ್ಮಾ,

ನಿನಗೆ ಸುಳ್ಳು ಹೇಳಲು ಬರುವುದಿಲ್ಲ ಅಂತ ಈಗಲಾದರೂ ಒಪ್ಪಿಕೋ. 'ನಿಜವಾಗಿಯೂ ಸುಮ್ಮನೆ' ಅಂತ ಯಾರಾದರೂ ಬರೆಯುತ್ತಾರಾ? ಎಡಗಣ್ಣು. ಬಲಗೈಯಲ್ಲಿ ಪೆನ್ಸಿಲ್ ಹಿಡಿದು ಎಡಗಣ್ಣಲ್ಲಿ ನೋಡುವುದು ಮೊದಲಿನಿಂದ ಬಂದ ಅಭ್ಯಾಸ. ನಿಮ್ಮ ಪ್ರೊಫೆಸರು ಏನು ಹೇಳಿರಬಹುದು ಅಂತ ನಾನೇ ಯೋಚಿಸಿ ತಿಳಿದುಕೊಂಡೆ. ಭೌತಶಾಸ್ತ್ರ ಓದಲು ಬಾಗಿಲ ಒಳಗೇ ಹೋಗಬೇಕೆಂದಿಲ್ಲ.

ಕಣ್ಣಿನ ಡಾಕ್ಟರು ಎಳೆ ವಯಸ್ಸಿನವಳು, ಮಾತು ಚುರುಕು. ಎರಡೂ ಕಣ್ಣಲ್ಲಿ ಹಳದಿ ಪೊರೆ, ಎಡಗಣ್ಣಲ್ಲಿ ಹೆಚ್ಚು, ಅದನ್ನೇ ಮೊದಲು ತೆಗೆಯೋಣ ಅಂದಳು.

'ಬಲದ್ದು ತೆಗಿ' ಅಂದೆ.

'ಅಮ್ಮಾ, ಕೆಟ್ಟಿರೋದು ಎಡದ್ದು.'

'ಗೊತ್ತು. ಅದು ನನಗೆ ಸ್ವಲ್ಪ ದಿನ ಹಾಗೇ ಬೇಕು.'

'ಕೆಟ್ಟ ಕಣ್ಣು ಇಟ್ಕೊಂಡು ಏನು ಮಾಡ್ತೀರಿ?'

ಹೇಳಿದೆ. ಕೆಂಪಿ, ಅಕ್ಕ, ತಂಗಿ, ನೀಲಿ ನೂಲು, ಎಲ್ಲವನ್ನೂ. ಹೊರಗೆ ಕಾದವರು ಬಾಗಿಲು ತಟ್ಟತೊಡಗಿದರು. ಅವಳು ಪೆನ್ನು ಕೆಳಗಿಟ್ಟು ಕೊನೆಯವರೆಗೂ ಕೇಳಿಸಿಕೊಂಡಳು. 'ತಡ ಮಾಡಿದರೆ ಪೊರೆ ಗಟ್ಟಿಯಾಗತ್ತೆ, ಆಮೇಲೆ ನನ್ನನ್ನ ಬೈಯಬೇಡಿ. ಬೇಸಿಗೆ ಮುಗಿಯೋ ತನಕ ಮಾತ್ರ' ಅಂತ ಗಡುವು ಹಾಕಿ ಒಪ್ಪಿದಳು. ನಿನ್ನಮ್ಮನಿಗೆ ಇದನ್ನು ಹೇಳಬೇಡ. ಬಲಗಣ್ಣೇ ಹೆಚ್ಚು ಕೆಟ್ಟಿತ್ತು ಅಂತ ಅವಳಿಗೆ ಹೇಳಿದ್ದೇನೆ.

ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ನರ್ಸಿನ ಸೆರಗಿನ ಅಂಚು. ಅದು ನೀಲಿ. ಎಂಥ ನೀಲಿ ಕಣೇ! ಇದು ಇಷ್ಟು ದಿನ ಎಲ್ಲಿ ಹೋಗಿತ್ತು? ಆ ಹುಡುಗಿ ಗಾಬರಿಯಾಗುವಷ್ಟು ಹೊತ್ತು ಸೆರಗು ಹಿಡಿದುಕೊಂಡೇ ಇದ್ದೆ. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರೆ ಅದೇ ಸೆರಗು ಒಗೆದು ಒಗೆದು ಕಂದಿದ ಬೂದು. ಒಂದೇ ಸೆರಗು, ಒಬ್ಬಳೇ ನೋಡುವವಳು. ಕಾರಿಡಾರಿನಲ್ಲಿ ಕೂತು ಒಂದು ಕಣ್ಣು ಮುಚ್ಚಿ ತೆರೆದು, ಇನ್ನೊಂದು ಮುಚ್ಚಿ ತೆರೆದು ಮಾಡುತ್ತಿದ್ದರೆ ಪಕ್ಕದ ಮುದುಕಪ್ಪ ಎದ್ದು ಬೇರೆ ಬೆಂಚಿಗೆ ಹೋದ.

ಡಾಕ್ಟರು ಹೂಂ ಅಂದ ಮೇಲೆ ನಿನ್ನೆ ಸಂಜೆ ಮಹಡಿ ಹತ್ತಿದೆ. ಸಿಡುಕಪ್ಪನೂ ಬಂದಿದ್ದ. ನಾನೇ ಕರೆದೆ. ಒಂದು ಕಣ್ಣಿನ ಲೆಕ್ಕ ನೆನಪಿಟ್ಟುಕೊಂಡು ಇನ್ನೊಂದು ಕಣ್ಣು ಇಟ್ಟರೆ ಮನಸ್ಸು ಮೋಸ ಮಾಡುತ್ತದೆ. ಆದ್ದರಿಂದ ನಾನು ಹೇಳುವುದು, ಅವನು ನನಗೆ ತೋರಿಸದೆ ಬರೆದುಕೊಳ್ಳುವುದು, ಪ್ರತಿ ಸಲ ಯಾವ ಕಣ್ಣು ಅಂತ ಅವನೇ ಹೇಳುವುದು. 'ಈಗ ಎಡ. ಈಗ ಬಲ. ಮತ್ತೆ ಬಲ. ಕದ್ದು ನೋಡಬೇಡಿ ಅಕ್ಕಾ, ನಿಮ್ಮನ್ನ ನಂಬೋಕಾಗಲ್ಲ' ಅಂತ ಪೊಲೀಸಿನವನ ಹಾಗೆ ನಿಂತಿದ್ದ. ನನ್ನ ಮೇಲೆ ಅನುಮಾನಪಡಲು ಒಬ್ಬ ಬೇಕಿತ್ತು, ಅವನಷ್ಟು ಚೆನ್ನಾಗಿ ಆ ಕೆಲಸ ಮಾಡುವವರು ಇನ್ನಾರು?

ಎಡಗಣ್ಣಿಗೆ ಕೆಂಪಿ ಅಕ್ಕನಿಗಿಂತ ಒಂದು ಪಾಲು ಕೆಳಗೆ. ಬಲಗಣ್ಣಿಗೆ ಆರು ಪಾಲು ಕೆಳಗೆ. ಎಷ್ಟು ಸಲ ಅದಲು ಬದಲು ಮಾಡಿದರೂ ಹೆಚ್ಚು ಕಡಿಮೆ ಅಷ್ಟೇ. ನಡುವಿನ ಈ ಐದು ಪಾಲೇ ನಿಮ್ಮ ಪ್ರೊಫೆಸರಿಗೆ ತಿಳಿಯಬೇಕಿದ್ದ ಪೊರೆಯ ತಪ್ಪು. ಕೆಂಪಿ ಇದ್ದಲ್ಲೇ ಇದ್ದಾಳೆ ಯಾಕಮ್ಮಾ. ದೂರ ಹೋಗಿದ್ದವಳು ನಾನು.

ಮೋಡವಿಲ್ಲದ ಸಂಜೆಯೆಲ್ಲ ಹೀಗೇ ನೋಡಿ, ಗಡುವಿನ ತನಕ ಕಳಿಸುತ್ತೇನೆ. ಎರಡೂ ಕಣ್ಣಿನದನ್ನು ಪಕ್ಕ ಪಕ್ಕ ಬರೆದುಕೋ. ಒಂದನ್ನೂ ಅಳಿಸಬೇಡ.

ದೊಡ್ಡಮ್ಮ